ಕೀಲುಗಳು ಶಾಂತವಾದ ಮೇಲೂ ಬಿಳಿ ರಕ್ತಕಣಗಳ ಜೀನ್ ಚಟುವಟಿಕೆ ಸಹಜವಾಗುವುದಿಲ್ಲವೇ?

ಪ್ರಶ್ನೆ: ಮುಂಬೆಳಗು

ನನ್ನ ಮಗಳಿಗೆ ಒಂಬತ್ತು ವರ್ಷ. ವೈದ್ಯರು ಚೀಟಿಯಲ್ಲಿ ಜೆಐಎ ಎಂದು ಬರೆಯುವ ಬಾಲ್ಯದ ಸಂಧಿವಾತ ಅವಳಿಗಿದೆ. ಅದರಲ್ಲಿಯೂ ಐದು ಅಥವಾ ಅದಕ್ಕಿಂತ ಹೆಚ್ಚು ಕೀಲುಗಳನ್ನು ಹಿಡಿಯುವ, ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಬರುವ ಬಗೆ. ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಆರಂಭಿಸಿದ ಮೇಲೆ ಮೊಣಕಾಲು, ಮಣಿಕಟ್ಟು ಮತ್ತು ಬೆರಳುಗಳ ಊತ ಕ್ರಮೇಣ ಇಳಿಯಿತು. ಈಗ ಹಲವು ತಿಂಗಳುಗಳಿಂದ ಬೆಳಗಿನ ಬಿಗಿತವೂ ಇಲ್ಲ, ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್ ಮತ್ತು ಸಿಆರ್‌ಪಿ ಎರಡೂ ಸಹಜ ಮಟ್ಟದಲ್ಲಿವೆ. ಹೀಗಿದ್ದರೂ ಇದು ಔಷಧಿ ನಡೆಯುತ್ತಿರುವಾಗಿನ ಉಪಶಮನವೇ ಹೊರತು ರೋಗ ಹೋಯಿತೆಂದಲ್ಲ, ಚುಚ್ಚುಮದ್ದು ಇನ್ನೂ ಮುಂದುವರಿಯಬೇಕು ಎಂಬುದು ನಮ್ಮ ವೈದ್ಯರ ನಿಲುವು. ಅವರ ಮಾತಿನಲ್ಲಿ ನನಗೆ ಅಪನಂಬಿಕೆಯಿಲ್ಲ. ಆದರೆ ಸಿರಿಂಜಿನೊಳಗಿನ ಹಳದಿ ದ್ರವ ಕಣ್ಣಿಗೆ ಬಿದ್ದ ಕೂಡಲೇ, ಸೂಜಿ ತಾಗುವ ಮೊದಲೇ ಮಗು ವಾಕರಿಸುವುದನ್ನು ವಾರವಾರವೂ ನೋಡುವವರಿಗೆ, ಇದು ಇನ್ನೆಷ್ಟು ದಿನ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ಈ ನಡುವೆ, ಉಪಶಮನದಲ್ಲಿರುವ ಮಕ್ಕಳ ಬಿಳಿ ರಕ್ತಕಣಗಳಲ್ಲಿಯೂ ಜೀನ್‌ಗಳ ಚಟುವಟಿಕೆ ಆರೋಗ್ಯವಂತ ಮಕ್ಕಳಲ್ಲಿರುವಂತೆ ಇರುವುದಿಲ್ಲವೆಂದು ಓದಿದೆ. ಇದು ನಿಜವೇ? ನಿಜವಾದರೆ, ರೋಗವಿರುವುದು ಕೀಲಿನಲ್ಲಿ ತಾನೇ, ರಕ್ತದಲ್ಲಿ ಓಡಾಡುವ ಕಣಗಳಿಗೆ ಅದರ ಗುರುತು ಏಕೆ ಹತ್ತುತ್ತದೆ? ಮುಖ್ಯವಾಗಿ, ಅಂಥದೊಂದು ಪರೀಕ್ಷೆ ಮಾಡಿಸಿ ಔಷಧಿ ನಿಲ್ಲಿಸಲು ಸರಿಯಾದ ಸಮಯವನ್ನು ತಿಳಿಯಲು ಸಾಧ್ಯವೇ? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸೂಕ್ಷ್ಮದರ್ಶಿ

ಮುಂಬೆಳಗು ಅವರೇ, ನಾನು ವೈದ್ಯನಲ್ಲ. ರಕ್ತದ ಮಾದರಿಗಳಿಂದ ಆರ್‌ಎನ್‌ಎಯನ್ನು, ಅಂದರೆ ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲನ್ನು, ಬೇರ್ಪಡಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಆದ್ದರಿಂದ ಔಷಧಿಯ ವಿಚಾರವನ್ನು ವೈದ್ಯರಿಗೆ ಬಿಟ್ಟು, ನೀವು ಓದಿದ ಮಾತಿನ ಹಿಂದೆ ಏನಿದೆ ಎಂಬುದನ್ನಷ್ಟೇ ಹೇಳುತ್ತೇನೆ.

ಜೀನ್ ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ. ನ್ಯೂಟ್ರೋಫಿಲ್ ಆಗಲಿ, ಮಾನೋಸೈಟ್ ಆಗಲಿ, ಲಿಂಫೋಸೈಟ್ ಆಗಲಿ, ಪ್ರತಿಯೊಂದು ಬಿಳಿ ರಕ್ತಕಣದಲ್ಲಿಯೂ ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತ ಸುಮಾರು 20,000 ಜೀನ್‌ಗಳಿರುತ್ತವೆ. ಆದರೆ ಯಾವ ಹೊತ್ತಿನಲ್ಲಿ ಯಾವ ಜೀನಿನಿಂದ ಎಷ್ಟು ಆರ್‌ಎನ್‌ಎ ತಯಾರಾಗುತ್ತದೆ ಎಂಬುದು ಒಂದು ಬಗೆಯ ಕಣದಿಂದ ಇನ್ನೊಂದು ಬಗೆಯ ಕಣಕ್ಕೆ, ಕೆಲವೊಮ್ಮೆ ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ಕೆಲವು ಬಗೆಯ ಸಂಧಿವಾತದಲ್ಲಿ ಮಾಡಿಸುವ ಎಚ್‌ಎಲ್‌ಎ-ಬಿ27 ಎಂಬ ಜೀನ್ ಪರೀಕ್ಷೆಯನ್ನು ಇಂದು ಮಾಡಿಸಿದರೂ ಇಪ್ಪತ್ತು ವರ್ಷಗಳ ನಂತರ ಮಾಡಿಸಿದರೂ ಬರುವ ಉತ್ತರ ಒಂದೇ, ಏಕೆಂದರೆ ಅದು ನೋಡುವುದು ಹುಟ್ಟಿನಿಂದ ಬಂದ ಡಿಎನ್‌ಎಯನ್ನು. ಜೀನ್ ಚಟುವಟಿಕೆಯ ಪರೀಕ್ಷೆ ನೋಡುವುದು ಆರ್‌ಎನ್‌ಎಯನ್ನು, ಅಂದರೆ ಆ ಕಣ ಆ ಗಳಿಗೆಯಲ್ಲಿ ಏನು ಮಾಡುತ್ತಿದೆ ಎಂಬುದನ್ನು. ನೆಗಡಿ, ಜ್ವರ, ಹಿಂದಿನ ರಾತ್ರಿ ನುಂಗಿದ ಸ್ಟೀರಾಯ್ಡ್ ಮಾತ್ರೆ ಎಲ್ಲವೂ ಅದರಲ್ಲಿ ಅಚ್ಚೊತ್ತುತ್ತವೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಬಿಳಿ ರಕ್ತಕಣಗಳು ರಕ್ತದಲ್ಲಿ ಹುಟ್ಟಿ ರಕ್ತದಲ್ಲಿಯೇ ಮುಗಿಯುವಂಥವಲ್ಲ. ಅವು ಮೂಳೆಮಜ್ಜೆಯಲ್ಲಿ ಹುಟ್ಟುತ್ತವೆ, ರಕ್ತದ ಮೂಲಕ ಹಾದು ಕೀಲಿನ ಪೊರೆಯೊಳಗೆ ಇಳಿಯುತ್ತವೆ. ಲಿಂಫೋಸೈಟ್‌ಗಳಲ್ಲಿ ಕೆಲವು ಮರಳಿ ರಕ್ತಕ್ಕೂ ಬರುತ್ತವೆ. ಉರಿಯುತ್ತಿರುವ ಕೀಲಿನಿಂದ ಹೊರಬೀಳುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶವಾಹಕ ಪ್ರೋಟೀನುಗಳು ರಕ್ತಕ್ಕೆ ಸೇರಿ, ಇನ್ನೂ ಕೀಲನ್ನು ಮುಟ್ಟದ ಕಣಗಳ ಜೀನ್ ಚಟುವಟಿಕೆಯನ್ನೂ ಬದಲಿಸುತ್ತವೆ. ಹಾಗಾಗಿ ಕೀಲಿಗೆ ಸೂಜಿ ಹಾಕದೆ, ತೋಳಿನ ರಕ್ತದಿಂದಲೇ ರೋಗದ ಸುಳಿವು ಹಿಡಿಯಬಹುದು ಎಂಬ ಆಸೆ ಸಂಶೋಧಕರಿಗೆ ಬಂದದ್ದು ಸಹಜ.

ಈ ಆಸೆಯ ಹಾದಿಯಲ್ಲಿ ಒಂದು ವಿಚಿತ್ರ ನಡೆಯಿತು. ರಕ್ತವನ್ನು ಹಾಗೆಯೇ ತೆಗೆದುಕೊಂಡರೆ ಅದರಲ್ಲಿರುವ ಆರ್‌ಎನ್‌ಎಯಲ್ಲಿ ದೊಡ್ಡ ಪಾಲು ಹಿಮೋಗ್ಲೋಬಿನ್ನಿಗೆ ಸಂಬಂಧಿಸಿದ್ದಾಗಿರುತ್ತದೆ, ಉಳಿದುದು ಅದರಡಿ ಮುಚ್ಚಿಹೋಗುತ್ತದೆ. ಅದನ್ನು ತಪ್ಪಿಸಲು ನಾವು ಫಿಕಾಲ್ ಎಂಬ ಸಾಂದ್ರ ದ್ರಾವಣದ ಮೇಲೆ, ಎರಡೂ ಬೆರೆಯದಂತೆ, ರಕ್ತವನ್ನು ನಳಿಕೆಯ ಗೋಡೆಗೆ ತಾಗಿಸಿ ನಿಧಾನವಾಗಿ ಇಳಿಸಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತೇವೆ. ತಿರುಗಿ ನಿಂತಾಗ ಮೇಲೆ ಹಳದಿ ಪ್ಲಾಸ್ಮಾ, ಅದರ ಕೆಳಗೆ ಮಸುಕಾದ ತೆಳು ಬಿಳಿ ಪದರ, ಆಮೇಲೆ ತಿಳಿಯಾದ ಫಿಕಾಲ್, ತಳದಲ್ಲಿ ಕೆಂಪು ಗಸಿ. ಆ ಬಿಳಿ ಪದರದಲ್ಲಿ ಲಿಂಫೋಸೈಟ್ ಮತ್ತು ಮಾನೋಸೈಟ್‌ಗಳಿರುತ್ತವೆ. ಅದನ್ನು ಪಿಪೆಟ್ಟಿನಲ್ಲಿ ಎತ್ತಿಕೊಂಡು ಉಳಿದುದನ್ನು ಚೆಲ್ಲುವುದು ವಾಡಿಕೆ. ನ್ಯೂಟ್ರೋಫಿಲ್‌ಗಳು ಭಾರವಾದ್ದರಿಂದ ಕೆಂಪು ಕಣಗಳ ಜೊತೆ ತಳ ಸೇರಿರುತ್ತವೆ, ಅಂದರೆ ಚೆಲ್ಲಿಹೋಗುತ್ತವೆ. ಹೀಗೆ ರಕ್ತದಲ್ಲಿ ಬಹುಸಂಖ್ಯಾತವಾದ ಬಿಳಿ ಕಣವನ್ನೇ ಬಿಟ್ಟು ವರ್ಷಗಟ್ಟಲೆ ಅಧ್ಯಯನಗಳು ನಡೆದವು. ಸಂಧಿವಾತವೆಂದರೆ ಟಿ-ಲಿಂಫೋಸೈಟ್‌ಗಳ ಕಾಯಿಲೆ ಎಂಬ ನಂಬಿಕೆ ಗಟ್ಟಿಯಾಗಿದ್ದುದರಿಂದ ಅದು ಕೊರತೆಯೆಂದು ಯಾರಿಗೂ ತೋರಲಿಲ್ಲ.

ನ್ಯೂಟ್ರೋಫಿಲ್‌ಗಳನ್ನು ಪ್ರತ್ಯೇಕವಾಗಿ ಎತ್ತಿ ನೋಡಿದಾಗ ಚಿತ್ರ ಬದಲಾಯಿತು. ನಿಮ್ಮ ಮಗಳಿಗಿರುವ ಬಗೆಯ, ಅಂದರೆ ಅನೇಕ ಕೀಲುಗಳ ಸಂಧಿವಾತವಿರುವ ಮಕ್ಕಳಲ್ಲಿ, ಈ ಕಣಗಳು ಕೀಲನ್ನು ತಲುಪುವ ಮೊದಲೇ, ರಕ್ತದಲ್ಲಿರುವಾಗಲೇ ಸದಾ ಉದ್ರಿಕ್ತ ಸ್ಥಿತಿಯಲ್ಲಿರುವುದು 2006ರಲ್ಲಿ ಪ್ರಕಟವಾದ ಕೆಲಸದಲ್ಲಿ ಕಂಡುಬಂದಿತು. 2009ರಲ್ಲಿ ಬಂದ ಮುಂದುವರಿದ ಅಧ್ಯಯನಗಳಲ್ಲಿ ನೀವು ಓದಿದ ವಿಷಯವಿದೆ: ಔಷಧಿಯಿಂದ ರೋಗ ಸಂಪೂರ್ಣ ಶಾಂತವಾದ ಮಕ್ಕಳಲ್ಲಿಯೂ ನ್ಯೂಟ್ರೋಫಿಲ್‌ಗಳ ಜೀನ್ ಚಟುವಟಿಕೆ ಆರೋಗ್ಯವಂತ ಮಕ್ಕಳ ಮಟ್ಟಕ್ಕೆ ಮರಳಿರಲಿಲ್ಲ, ಲಿಂಫೋಸೈಟ್ ಮತ್ತು ಮಾನೋಸೈಟ್‌ಗಳ ಪದರದಲ್ಲಿಯೂ ವ್ಯತ್ಯಾಸ ಉಳಿದಿತ್ತು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಅದು ಸಕ್ರಿಯ ರೋಗದ ಚಿತ್ರವೇ ತುಸು ಮಂಕಾದಂತೆಯೂ ಇರಲಿಲ್ಲ, ತನ್ನದೇ ಆದ ಮೂರನೆಯ ಸ್ಥಿತಿಯಾಗಿತ್ತು. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಸಮಬಲದಿಂದ ಎಳೆಯುತ್ತಿರುವಾಗ ಹಗ್ಗ ಅಲುಗಾಡದೆ ನಿಂತಿರುತ್ತದಲ್ಲ, ಉಪಶಮನವೂ ಅಂಥದೇ ಎಂಬುದು ಆ ಸಂಶೋಧಕರ ವಾದ. ಉರಿಯೂತವನ್ನು ಕೆರಳಿಸುವ ಮತ್ತು ತಣಿಸುವ ಜೀನ್‌ಗಳು ಎರಡೂ ಕೆಲಸದಲ್ಲಿಯೇ ಇರುತ್ತವೆ. ನನಗೆ ಈ ವಾದ ಒಪ್ಪಿತ. ನಿಮ್ಮ ವೈದ್ಯರ ನಿಲುವಿಗೂ ಇದಕ್ಕೂ ತಾಳೆಯಾಗುತ್ತದೆ.

ಉತ್ತರ: ಅಂಕಿನೋಟ

ಸೂಕ್ಷ್ಮದರ್ಶಿಯವರು ಹೇಳಿದ ಸಂಗತಿಗಳಲ್ಲಿ ನನಗೆ ತಕರಾರಿಲ್ಲ, ಅವುಗಳಿಂದ ಎಳೆಯುವ ತೀರ್ಮಾನದಲ್ಲಿದೆ. ನಾನು ಇಂಥ ದತ್ತಾಂಶಗಳ ವಿಶ್ಲೇಷಣೆ ಮಾಡುವವಳು, ಆದ್ದರಿಂದ ಮೂರನೆಯ ಪ್ರಶ್ನೆಗೆ ಸಂಬಂಧಿಸಿದಂತೆ ಒಂದೆರಡು ಮಾತು ಸೇರಿಸಬೇಕೆನಿಸಿತು.

ಔಷಧಿಯ ಮೇಲೆ ಉಪಶಮನದಲ್ಲಿರುವ ಮಗುವನ್ನು ಔಷಧಿಯನ್ನೇ ಕಾಣದ ಆರೋಗ್ಯವಂತ ಮಗುವಿನ ಜೊತೆ ಹೋಲಿಸಿದಾಗ ಕಾಣುವ ವ್ಯತ್ಯಾಸದಲ್ಲಿ ರೋಗದ ಪಾಲೆಷ್ಟು, ಔಷಧಿಯ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಸ್ಟೀರಾಯ್ಡ್ ತೆಗೆದುಕೊಂಡ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿಯುತ್ತದೆ. ಎಫ್‌ಕೆಬಿಪಿ5 ಎಂಬ ಜೀನ್ ಸ್ಟೀರಾಯ್ಡಿಗೆ ಎಷ್ಟು ನಿಷ್ಠೆಯಿಂದ ಏರುತ್ತದೆಂದರೆ, ಮಗು ಔಷಧಿ ನುಂಗಿದೆಯೇ ಇಲ್ಲವೇ ಎಂಬುದನ್ನೇ ಅದು ಬಿಟ್ಟುಕೊಡುತ್ತದೆ. ಮೆಥೊಟ್ರೆಕ್ಸೇಟ್ ಕೂಡ ಬಿಳಿ ರಕ್ತಕಣಗಳ ಮೇಲೆ ಕೆಲಸ ಮಾಡುವ ಔಷಧಿಯೇ. ಆದ್ದರಿಂದ ‘ಸಹಜ ಸ್ಥಿತಿಗೆ ಮರಳಿಲ್ಲ’ ಎಂಬ ವಾಕ್ಯವನ್ನು ‘ರೋಗ ಒಳಗೇ ಕುದಿಯುತ್ತಿದೆ’ ಎಂದು ಓದಿಕೊಂಡು ಯಾರೂ ಗಾಬರಿಯಾಗಬಾರದು.

ಇನ್ನೊಂದು ತೊಡಕು ಕಣಗಳ ಮಿಶ್ರಣದ್ದು. ರಕ್ತದಲ್ಲಿ ಒಂದು ಜೀನಿನ ಆರ್‌ಎನ್‌ಎ ಹೆಚ್ಚಿದೆ ಎಂದಾಗ, ಪ್ರತಿ ಕಣವೂ ಅದನ್ನು ಹೆಚ್ಚು ತಯಾರಿಸುತ್ತಿರಬಹುದು, ಇಲ್ಲವೇ ಅದನ್ನು ತಯಾರಿಸುವ ಬಗೆಯ ಕಣಗಳ ಸಂಖ್ಯೆಯೇ ಹೆಚ್ಚಿರಬಹುದು. ಇದು ಕೇವಲ ತರ್ಕದ ಮಾತಲ್ಲ. ಜ್ವರ ಮತ್ತು ದದ್ದಿನೊಂದಿಗೆ ಬರುವ ಸಿಸ್ಟಮಿಕ್ ಬಗೆಯ ಸಂಧಿವಾತದಲ್ಲಿ, ಕೆಂಪು ರಕ್ತಕಣಗಳ ಬೆಳವಣಿಗೆಗೆ ಸೇರಿದ ಜೀನ್‌ಗಳ ಗುಂಪೊಂದು ಬಿಳಿ ಪದರದ ಮಾದರಿಯಲ್ಲಿ ಎದ್ದು ಕಾಣುತ್ತಿತ್ತು. ಬಿಳಿ ಕಣಗಳಿಗೆ ಆ ಜೀನ್‌ಗಳಿಂದ ಆಗಬೇಕಾದದ್ದೇನು ಎಂದು ಕೆದಕಿದಾಗ, ಮಜ್ಜೆಯಿಂದ ಬೇಗನೆ ಹೊರಬಿದ್ದ ಅಪಕ್ವ ಕಣಗಳು ಆ ಪದರದಲ್ಲಿ ಸೇರಿಕೊಂಡಿರುವುದಕ್ಕೂ ಅದಕ್ಕೂ ಸಂಬಂಧವಿರುವುದು 2010ರ ಸುಮಾರಿಗೆ ಗೊತ್ತಾಯಿತು. ಅದೂ ಉಪಯುಕ್ತ ಸುಳಿವೇ, ಆದರೆ ಮೊದಲ ನೋಟಕ್ಕೆ ಕಂಡ ಅರ್ಥ ಅದಕ್ಕಿರಲಿಲ್ಲ. ಮಕ್ಕಳಲ್ಲಿ ಇದಕ್ಕೆ ವಯಸ್ಸಿನ ಗೋಜಲೂ ಸೇರುತ್ತದೆ: ನಾಲ್ಕೈದು ವರ್ಷದವರೆಗಿನ ಮಕ್ಕಳ ರಕ್ತದಲ್ಲಿ ಲಿಂಫೋಸೈಟ್ ಹೆಚ್ಚು, ಆಮೇಲೆ ನ್ಯೂಟ್ರೋಫಿಲ್ ಮೇಲುಗೈ ಪಡೆಯುತ್ತದೆ. ಮೂರು ವರ್ಷದ ರೋಗಿಯನ್ನು ಹನ್ನೆರಡು ವರ್ಷದ ಆರೋಗ್ಯವಂತರ ಪಕ್ಕದಲ್ಲಿಟ್ಟರೆ ಕಾಣುವುದು ರೋಗವಲ್ಲ, ವಯಸ್ಸು. ಈಗ ಒಂದೊಂದೇ ಕಣದ ಆರ್‌ಎನ್‌ಎಯನ್ನು ಓದುವ ತಂತ್ರ ಬಂದಿರುವುದರಿಂದ ಈ ಗಂಟು ಸಡಿಲವಾಗುತ್ತಿದೆ, ಆದರೆ ನ್ಯೂಟ್ರೋಫಿಲ್‌ಗಳಲ್ಲಿ ಆರ್‌ಎನ್‌ಎ ಬಹಳ ಕಡಿಮೆ, ಅದನ್ನು ಕತ್ತರಿಸುವ ಕಿಣ್ವಗಳು ಬಹಳ ಹೆಚ್ಚು. ಹಾಗಾಗಿ ಅಲ್ಲಿಯೂ ಅವು ಕೈಗೆ ಸಿಗದೆ ಜಾರುತ್ತವೆ.

ಇವೆಲ್ಲವನ್ನೂ ಸರಿಪಡಿಸಿದ ಮೇಲೂ, ಎರಡು ಗುಂಪುಗಳ ಸರಾಸರಿ ಬೇರೆಯೆಂದು ತೋರಿಸುವುದಕ್ಕೂ, ನಿಮ್ಮ ಮಗಳೊಬ್ಬಳ ರಕ್ತ ನೋಡಿ ಇವಳಿಗೆ ಔಷಧಿ ನಿಲ್ಲಿಸಬಹುದು ಎನ್ನುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಗುಂಪುಗಳ ಸರಾಸರಿ ಬೇರೆಯಾಗಿದ್ದರೂ ಎರಡೂ ಗುಂಪಿನ ಮಕ್ಕಳ ಅಂಕಿಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ. ಇಪ್ಪತ್ತು ಮೂವತ್ತು ಮಕ್ಕಳಲ್ಲಿ ಸಾವಿರಾರು ಜೀನ್‌ಗಳನ್ನು ಅಳೆದರೆ, ಆ ಮಕ್ಕಳಿಗೆ ಮಾತ್ರ ಹೊಂದುವ ಜೀನ್ ಪಟ್ಟಿಯೊಂದು ಸಿಕ್ಕೇ ಸಿಗುತ್ತದೆ. ಅದು ಬೇರೆ ಮಕ್ಕಳಲ್ಲಿಯೂ ನಿಲ್ಲುತ್ತದೆಯೇ ಎಂಬುದೇ ಪರೀಕ್ಷೆ.

ಉತ್ತರ: ಮಕ್ಕಳ ವೈದ್ಯೆ

ಮುಂಬೆಳಗು ಅವರೇ, ಮಕ್ಕಳ ಸಂಧಿವಾತಕ್ಕೆ ಚಿಕಿತ್ಸೆ ನೀಡುವವಳಾಗಿ ಬರೆಯುತ್ತಿದ್ದೇನೆ. ನಿಮ್ಮ ಮಗಳನ್ನು ನಾನು ನೋಡಿಲ್ಲ, ಹಾಗಾಗಿ ಔಷಧಿಯ ತೀರ್ಮಾನ ನಿಮ್ಮ ವೈದ್ಯರದೇ.

ಅವರು ಬಳಸಿದ ಮಾತಿಗೆ ನಿರ್ದಿಷ್ಟ ಅರ್ಥವಿದೆ. 2004ರಲ್ಲಿ ಪ್ರಕಟವಾದ ಮಾನದಂಡಗಳ ಪ್ರಕಾರ, ಔಷಧಿ ನಡೆಯುತ್ತಿರುವಾಗ ಸತತ ಆರು ತಿಂಗಳು ರೋಗ ನಿಷ್ಕ್ರಿಯವಾಗಿದ್ದರೆ ಅದು ಔಷಧಿಯ ಮೇಲಿನ ಉಪಶಮನ. ಔಷಧಿ ನಿಲ್ಲಿಸಿದ ಮೇಲೂ ಹನ್ನೆರಡು ತಿಂಗಳು ಹಾಗೆಯೇ ಇದ್ದರೆ ಔಷಧಿಯಿಲ್ಲದ ಉಪಶಮನ. ಇವು ಕೀಲು ಮುಟ್ಟಿ, ಕಣ್ಣು ಪರೀಕ್ಷಿಸಿ, ಇಎಸ್‌ಆರ್ ಅಥವಾ ಸಿಆರ್‌ಪಿ ನೋಡಿ ಹೇಳುವ ಮಾತುಗಳು, ಕಣಗಳೊಳಗೆ ಏನಾಗುತ್ತಿದೆ ಎಂಬುದಕ್ಕೆ ಇವುಗಳಲ್ಲಿ ಜಾಗವಿಲ್ಲ.

ಔಷಧಿಯನ್ನು ಹೆಚ್ಚು ಕಾಲ ಮುಂದುವರಿಸಿದರೆ ಮರುಕಳಿಸುವುದು ತಪ್ಪುತ್ತದೆಯೇ ಎಂಬುದನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೊಂದು 2010ರಲ್ಲಿ ಪ್ರಕಟವಾಯಿತು. ಉಪಶಮನದಲ್ಲಿದ್ದ 364 ಮಕ್ಕಳಲ್ಲಿ ಒಂದು ಗುಂಪಿಗೆ ಆರು ತಿಂಗಳಿಗೆ, ಇನ್ನೊಂದು ಗುಂಪಿಗೆ ಹನ್ನೆರಡು ತಿಂಗಳಿಗೆ ಮೆಥೊಟ್ರೆಕ್ಸೇಟ್ ನಿಲ್ಲಿಸಲಾಯಿತು. ಎರಡೂ ಗುಂಪುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳಲ್ಲಿ ರೋಗ ಎರಡು ವರ್ಷಗಳೊಳಗೆ ಮರಳಿತು, ಎಷ್ಟು ತಿಂಗಳು ಕಾದರು ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ನಿಮ್ಮ ಪ್ರಶ್ನೆಗೆ ಹತ್ತಿರದ ಅಂಶವೂ ಅದರಲ್ಲಿದೆ. ನ್ಯೂಟ್ರೋಫಿಲ್ ಮತ್ತು ಮಾನೋಸೈಟ್‌ಗಳಿಂದ ಹೊರಬೀಳುವ, ಎಸ್100ಎ8 ಮತ್ತು ಎಸ್100ಎ9 ಎಂಬ ಜೀನ್‌ಗಳಿಂದ ತಯಾರಾಗುವ ಜೋಡಿ ಪ್ರೋಟೀನು, ರೋಗ ಮರಳಿದ ಮಕ್ಕಳ ರಕ್ತದಲ್ಲಿ ಔಷಧಿ ನಿಲ್ಲಿಸುವ ಹೊತ್ತಿಗಾಗಲೇ ಹೆಚ್ಚಿತ್ತು. ಕೀಲು, ಇಎಸ್‌ಆರ್, ಸಿಆರ್‌ಪಿ ಯಾವುದೂ ಹೇಳದುದನ್ನು ಅದು ಹೇಳಿತು ಎಂದಾಯಿತು. ಈ ಜೋಡಿಯನ್ನು ಕ್ಯಾಲ್‌ಪ್ರೊಟೆಕ್ಟಿನ್ ಎಂದೂ ಕರೆಯುತ್ತಾರೆ. ನ್ಯೂಟ್ರೋಫಿಲ್‌ನ ಕೋಶದ್ರವದ ಪ್ರೋಟೀನಿನಲ್ಲಿ ಸುಮಾರು ಶೇ 40ರಷ್ಟು ಇದೇ ಇರುತ್ತದೆ.

ಅಂಕಿನೋಟ ಅವರ ಎಚ್ಚರಿಕೆ ಸರಿಯಾದದ್ದೇ. ಆದರೆ ಜೀನ್ ಚಟುವಟಿಕೆಯ ಅಧ್ಯಯನದಿಂದ ರೋಗಿಯ ಹಾಸಿಗೆಯ ಬಳಿಗೆ ಏನೂ ಬಂದಿಲ್ಲ ಎಂದು ಯಾರಾದರೂ ಭಾವಿಸಿದರೆ ಅದು ಅನ್ಯಾಯ. ಅವರು ಪ್ರಸ್ತಾಪಿಸಿದ ಸಿಸ್ಟಮಿಕ್ ಬಗೆಯನ್ನೇ ನೋಡಿ. ದಿನವೂ ಏರಿ ಇಳಿಯುವ ಜ್ವರ, ತಿಳಿಗುಲಾಬಿ ದದ್ದು, ರಕ್ತದಲ್ಲಿ ಆಕಾಶಕ್ಕೇರಿದ ಫೆರಿಟಿನ್ ಎಂಬ ಪ್ರೋಟೀನು ಇರುವ ಈ ಮಕ್ಕಳಿಗೆ ಒಂದು ಕಾಲದಲ್ಲಿ ಹೆಚ್ಚು ಪ್ರಮಾಣದ ಸ್ಟೀರಾಯ್ಡೇ ಗತಿಯಾಗಿತ್ತು. ಬೆಳವಣಿಗೆ ಕುಂಠಿತವಾಗುತ್ತಿತ್ತು, ಟಿಎನ್‌ಎಫ್ ತಡೆಯುವ ಔಷಧಿಗಳಿಗೂ ಅನೇಕರು ಬಗ್ಗುತ್ತಿರಲಿಲ್ಲ. 2005ರಲ್ಲಿ ಅಮೆರಿಕದ ಡಲ್ಲಾಸ್‌ನ ಸಂಶೋಧಕರು ಇಂಥ ಮಕ್ಕಳ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವನ್ನು, ಆರೋಗ್ಯವಂತರ ಬಿಳಿ ರಕ್ತಕಣಗಳಿಗೆ ಬೆರೆಸಿ, ಆ ಕಣಗಳಲ್ಲಿ ಯಾವ ಜೀನ್‌ಗಳು ಎಚ್ಚರಗೊಳ್ಳುತ್ತವೆ ಎಂದು ನೋಡಿದರು. ಎಚ್ಚರಗೊಂಡವುಗಳಲ್ಲಿ ಇಂಟರ್‌ಲ್ಯೂಕಿನ್-1ಕ್ಕೆ ಸೇರಿದವು ಎದ್ದು ಕಂಡವು. ಆ ಸುಳಿವಿನ ಬೆನ್ನು ಹಿಡಿದು, ಬೇರೆ ಔಷಧಿಗಳಿಗೆ ಬಗ್ಗದ ಒಂಬತ್ತು ಮಕ್ಕಳಿಗೆ ಇಂಟರ್‌ಲ್ಯೂಕಿನ್-1ನ್ನು ತಡೆಯುವ ಅನಕಿನ್ರಾ ಕೊಟ್ಟಾಗ ಏಳು ಮಕ್ಕಳಲ್ಲಿ ರೋಗ ಪೂರ್ತಿ ಶಮನವಾಯಿತು. 2012ರ ಹೊತ್ತಿಗೆ ಇಂಟರ್‌ಲ್ಯೂಕಿನ್-1ನ್ನು ತಡೆಯುವ ಕೆನಕಿನುಮ್ಯಾಬ್ ಮತ್ತು ಇಂಟರ್‌ಲ್ಯೂಕಿನ್-6ನ್ನು ತಡೆಯುವ ಟೋಸಿಲಿಜುಮ್ಯಾಬ್‌ಗಳ ದೊಡ್ಡ ಪ್ರಯೋಗಗಳು ಪ್ರಕಟವಾಗಿ ಚಿಕಿತ್ಸೆಯ ದಾರಿಯೇ ಬದಲಾಯಿತು. ನಿಮ್ಮ ಮಗಳಿಗಿರುವ ಬಗೆಯಲ್ಲಿ ಅಷ್ಟು ನಿಚ್ಚಳವಾದ ಒಂದೇ ಸುಳಿವು ಸಿಕ್ಕಿಲ್ಲ. ಒಂದೇ ಹೆಸರಿನಡಿ ಒಂದಕ್ಕಿಂತ ಹೆಚ್ಚು ರೋಗಗಳಿರುವಂತೆ ಜೀನ್ ಚಟುವಟಿಕೆಯೇ ತೋರಿಸುತ್ತಿರುವುದು ಅದಕ್ಕೆ ಒಂದು ಕಾರಣವಿರಬೇಕು.

ವಾಕರಿಕೆಯ ಬಗ್ಗೆ: ಹಳದಿ ಬಣ್ಣ ಕಂಡರೆ ಬರುವ ವಾಕರಿಕೆ ಮೆಥೊಟ್ರೆಕ್ಸೇಟ್ ಪಡೆಯುವ ಮಕ್ಕಳಲ್ಲಿ ಸಾಮಾನ್ಯ, ಹಟವಲ್ಲ. ಫೋಲಿಕ್ ಆಸಿಡ್ ಸರಿಯಾಗಿ ನಡೆಯುತ್ತಿದೆಯೇ, ಮುಂಚಿತವಾಗಿ ವಾಂತಿ ತಡೆಯುವ ಔಷಧಿ ಕೊಡಬಹುದೇ, ಮಲಗುವ ಹೊತ್ತಿಗೆ ಸಿರಿಂಜ್ ಕಾಣದಂತೆ ಚುಚ್ಚಬಹುದೇ ಎಂದು ವೈದ್ಯರನ್ನು ಕೇಳಿ. ಇದನ್ನು ಅವರಿಗೆ ಹೇಳದೆ ಸಹಿಸಿಕೊಳ್ಳುವ ಅಗತ್ಯವಿಲ್ಲ. ಔಷಧಿಯನ್ನು ಬದಲಿಸಲು ಅಥವಾ ಬೇಗ ನಿಲ್ಲಿಸಲು ಇದೂ ಒಂದು ನ್ಯಾಯವಾದ ಕಾರಣವೇ.

ಮರುಪ್ರಶ್ನೆ: ಮುಂಬೆಳಗು

ಎಲ್ಲರಿಗೂ ಕೃತಜ್ಞತೆಗಳು. ಹಗ್ಗ ನಿಂತಿರುವುದು ಏಕೆಂದು ಅರ್ಥವಾಯಿತು, ಅಂಕಿನೋಟ ಅವರ ಮಾತಿನಿಂದ ಗಾಬರಿಯೂ ಇಳಿಯಿತು. ವೈದ್ಯೆಯವರಲ್ಲಿ ಒಂದು ಕೇಳಿಕೆ: ಆ ಎಸ್100 ಪ್ರೋಟೀನನ್ನಾದರೂ ಅಳೆಸಿ ನೋಡಬಹುದಲ್ಲವೇ? ಅದು ಕಡಿಮೆಯಿದ್ದರೆ ಧೈರ್ಯದಿಂದ ನಿಲ್ಲಿಸಬಹುದಲ್ಲ?

ಉತ್ತರ: ಮಕ್ಕಳ ವೈದ್ಯೆ

ಬಹುಶಃ ಇದೇ ಪ್ರಶ್ನೆಯನ್ನು ಸಂಶೋಧಕರೂ ಕೇಳಿಕೊಂಡರು. ಆದರೆ ಅನೇಕ ಕೀಲುಗಳ ಸಂಧಿವಾತವಿದ್ದು, ಟಿಎನ್‌ಎಫ್ ತಡೆಯುವ ಔಷಧಿಯಿಂದ ಶಾಂತವಾಗಿದ್ದ ಮಕ್ಕಳಲ್ಲಿ ಆ ಔಷಧಿ ನಿಲ್ಲಿಸಿ ನೋಡಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪ್ರೋಟೀನಿನ ಮಟ್ಟ ಯಾರಿಗೆ ರೋಗ ಮರಳುತ್ತದೆಂದು ಮುಂಚಿತವಾಗಿ ಹೇಳಲಿಲ್ಲ. ಮೆಥೊಟ್ರೆಕ್ಸೇಟ್ ನಿಲ್ಲಿಸುವಾಗ ನಡೆದದ್ದು ಇಲ್ಲಿ ನಡೆಯಲಿಲ್ಲ ಎಂದಮೇಲೆ, ಕಡಿಮೆ ಅಂಕಿಯೊಂದನ್ನು ನಂಬಿ ನಿಲ್ಲಿಸಿ ಎನ್ನಲು ನನಗೆ ಧೈರ್ಯವಿಲ್ಲ. ಹೆಚ್ಚಿದ್ದರೆ ಇನ್ನಷ್ಟು ಎಚ್ಚರವಹಿಸಲು ಅದು ಒಂದು ಕಾರಣವಾದೀತು, ಅಷ್ಟೇ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅಳೆಯುವ ಪರೀಕ್ಷೆ ಕರುಳಿನ ಉರಿಯೂತಕ್ಕಾಗಿ ಬಳಕೆಯಲ್ಲಿದೆ. ಹೆಸರು ಒಂದೇ ಎಂದು ಅದನ್ನು ಮಾಡಿಸಿದರೆ ಕೀಲಿನ ವಿಷಯ ತಿಳಿಯುವುದಿಲ್ಲ.

ನಿಲ್ಲಿಸುವ ದಿನ ಬಂದಾಗ ಎರಡು ವಿಷಯಗಳನ್ನು ಬಿಡಬೇಡಿ. ಕೀಲಿನ ಅಲ್ಟ್ರಾಸೌಂಡಿನಿಂದ ಕೈಗೆ ಸಿಗದ ಊತವನ್ನು ನೋಡಬಹುದೇ ಎಂದು ಕೇಳಿ. ಕಣ್ಣಿನ ಸ್ಲಿಟ್ ಲ್ಯಾಂಪ್ ಪರೀಕ್ಷೆಯನ್ನು ಔಷಧಿ ನಿಲ್ಲಿಸಿದ ಮೇಲೂ ತಪ್ಪದೆ ಮಾಡಿಸಿ, ಏಕೆಂದರೆ ಕಣ್ಣಿನ ಉರಿಯೂತ ನೋವಿಲ್ಲದೆ, ಕೆಂಪಾಗದೆ ಬರುತ್ತದೆ, ಮತ್ತು ಅದನ್ನು ಹಿಡಿತದಲ್ಲಿಟ್ಟಿರುವುದೂ ಅನೇಕ ವೇಳೆ ಇದೇ ಮೆಥೊಟ್ರೆಕ್ಸೇಟ್.

ಉತ್ತರ: ಸೂಕ್ಷ್ಮದರ್ಶಿ

ಪ್ರಯೋಗಾಲಯದ ಕಡೆಯಿಂದ ಒಂದು ಸಣ್ಣ ಸೇರ್ಪಡೆ. ಎಸ್100 ಅಳೆಸುವವರು ಯಾರೇ ಆಗಲಿ, ಸೀರಮ್ಮಿನಲ್ಲಿ ಅಳೆದ ಅಂಕಿಯನ್ನು ಪ್ಲಾಸ್ಮಾದಲ್ಲಿ ಅಳೆದ ಅಂಕಿಯ ಜೊತೆ ಹೋಲಿಸಬಾರದು. ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟುವಾಗ ನ್ಯೂಟ್ರೋಫಿಲ್‌ಗಳು ಇದೇ ಪ್ರೋಟೀನನ್ನು ಹೊರಹಾಕುತ್ತವೆ, ಮಾದರಿ ಮೇಜಿನ ಮೇಲೆ ಹೆಚ್ಚು ಹೊತ್ತು ಉಳಿದರೆ ಇನ್ನಷ್ಟು. ನಿಮ್ಮ ಆಸ್ಪತ್ರೆಯಲ್ಲಿ ಇಂಥ ಸಂಶೋಧನೆ ನಡೆಯುತ್ತಿದ್ದು ನಿಮ್ಮ ಒಪ್ಪಿಗೆ ಕೇಳಿದರೆ, ಸಾಮಾನ್ಯವಾಗಿ ಮಾಮೂಲಿ ರಕ್ತಪರೀಕ್ಷೆಗೆ ಚುಚ್ಚುವ ಅದೇ ಸೂಜಿಯಿಂದ ಆರ್‌ಎನ್‌ಎ ಕೆಡದಂತೆ ಹಿಡಿದಿಡುವ ದ್ರಾವಣವಿರುವ ಇನ್ನೊಂದು ನಳಿಕೆಯನ್ನು ತುಂಬಿಸಿಕೊಳ್ಳುತ್ತಾರೆ, ಎರಡನೆಯ ಬಾರಿ ಚುಚ್ಚಬೇಕಾಗುವುದಿಲ್ಲ. ಔಷಧಿ ನಿಲ್ಲಿಸುವ ಮೊದಲೂ, ನಿಲ್ಲಿಸಿದ ಮೇಲೂ ಒಂದೇ ಮಗುವಿನಿಂದ ತೆಗೆದ ಮಾದರಿಗಳು ನಮಗೆ ಅತ್ಯಂತ ವಿರಳವಾಗಿ ಸಿಗುವಂಥವು. ಅಂಕಿನೋಟ ಅವರು ಎತ್ತಿದ, ಔಷಧಿಯ ಪಾಲೆಷ್ಟು ರೋಗದ ಪಾಲೆಷ್ಟು ಎಂಬ ಪ್ರಶ್ನೆಯನ್ನು ಬಿಡಿಸಲು ಬೇಕಾಗಿರುವುದು ಅವೇ.